ಕಿವಿಯ ಹಿಂದಿನ ಗಾಯ

ಎಪ್ಪತ್ತು ದಾಟಿದ ನಾನು ಇಂದಿನವರೆಗೆ ಕ್ಷೌರದಂಗಡಿಯ ಕುರ್ಚಿಯ ಮೇಲೆ ಕುಳಿತವನಲ್ಲ. ಕಳೆದ ಬೇಸಿಗೆಯವರೆಗೂ ಈ ಮಾತನ್ನು ಎದೆ ಸೆಟೆಸಿ ಹೇಳುತ್ತಿದ್ದೆ.

ದೇವದುರ್ಗ ತಾಲೂಕಿನಲ್ಲಿ ಅರಕೇರಾದ ಆಚೆಗಿದ್ದ ನಮ್ಮ ಊರಿನಲ್ಲಿ ಕ್ಷೌರಿಕನು ನಮ್ಮ ಓಣಿಯವರ ತಲೆಯನ್ನು ಮುಟ್ಟುತ್ತಿರಲಿಲ್ಲ. ಮುಟ್ಟಿದ್ದರೆ ಊರಿನ ಉಳಿದ ತಲೆಗಳೆಲ್ಲ ಅವನ ಕೈತಪ್ಪುತ್ತಿದ್ದವು; ಆದುದರಿಂದ ದೋಷವನ್ನೆಲ್ಲ ಅವನೊಬ್ಬನ ಮೇಲೆ ಹೊರಿಸುವಷ್ಟು ಅನ್ಯಾಯಿ ನಾನಲ್ಲ. ಆದರೆ ಮರೆಯುವಷ್ಟು ಉದಾರಿಯೂ ಅಲ್ಲ. ಅಪ್ಪ ನಮ್ಮನ್ನು ಬೇವಿನ ಗಿಡದ ಕೆಳಗೆ ಕೂಡಿಸಿಕೊಂಡು, ತಲೆಗೆ ತಂಬಿಗೆಯಿಂದ ನೀರು ಸುರಿದು, ಒದ್ದೆಗೂದಲನ್ನು ಎರಡು ಬೆರಳ ನಡುವೆ ಬಿಗಿಯಾಗಿ ಎಳೆದು, ಬೆರಳಿನ ಗುಂಟ ಕತ್ತರಿಸುತ್ತಿದ್ದ. ತಲೆಯನ್ನು ಅಲುಗಿಸದಂತೆ ಮೊಣಕಾಲುಗಳ ನಡುವೆ ಒತ್ತಿ ಹಿಡಿಯುತ್ತಿದ್ದ. ಮರುದಿನ ಶಾಲೆಯಲ್ಲಿ "ಏನ್ಲೇ, ಇಲಿ ಕಡದಾವೇನು ತಲೀನ?" ಎಂದು ಕೇಳಿದ ಹುಡುಗನೊಬ್ಬ ಎಷ್ಟೋ ವರ್ಷಗಳ ನಂತರ ತನ್ನ ಮಗನನ್ನು ಸೇರಿಸಲು ನಾನು ವಿಜ್ಞಾನ ಕಲಿಸುತ್ತಿದ್ದ ಮಾನ್ವಿಯ ಶಾಲೆಗೆ ಬಂದ. ಅವನಿಗೆ ನನ್ನ ಗುರುತು ಸಿಗಲಿಲ್ಲ. ನನಗೆ ಅವನ ನಗುವಿನ ಗುರುತು ಸಿಕ್ಕಿತು.

ಆಗ ಮಾನ್ವಿಯ ಕ್ಷೌರದಂಗಡಿಗಳಲ್ಲಿ ಯಾರ ಕೂದಲನ್ನಾದರೂ ಕತ್ತರಿಸುತ್ತಿದ್ದರು. ನಾನು ಹೋಗಲಿಲ್ಲ. ನಮಗೆ ಬೇಕಾಗಿದ್ದಾಗ ದೊರೆಯದ ಕತ್ತರಿ ಬೇಡವಾದಾಗ ದೊರೆತರೇನು? ಹೈದರಾಬಾದಿನಿಂದ ಒಳ್ಳೆಯ ಉಕ್ಕಿನ ಕತ್ತರಿಯೊಂದನ್ನು ತರಿಸಿ, ಎರಡು ಕನ್ನಡಿಗಳನ್ನು ಎದುರುಬದುರು ನಿಲ್ಲಿಸಿಕೊಂಡು, ನನ್ನ ಕೂದಲನ್ನು ನಾನೇ ಕತ್ತರಿಸಿಕೊಳ್ಳುವುದನ್ನು ರೂಢಿಸಿಕೊಂಡೆ. ಕಾಲೇಜು ಸೇರುವವರೆಗೆ ಮಗಳ ಜಡೆಯ ತುದಿಯನ್ನೂ ನಾನೇ ಸಮ ಮಾಡುತ್ತಿದ್ದೆ. ನಮ್ಮ ಮನೆಯಲ್ಲಿ ಇದು ಹೆಚ್ಚುಕಡಿಮೆ ಧರ್ಮವೇ ಆಗಿತ್ತು.

ಈಗ ರಾಯಚೂರಿನ ಮನೆಯಲ್ಲಿ ನಾನು ಮತ್ತು ಮಗಳು ಇಬ್ಬರೇ. ಆಕೆ ಮಾನ್ವಿಯ ಕಾಲೇಜೊಂದರಲ್ಲಿ ಉಪನ್ಯಾಸಕಿ. ಬೆಳಿಗ್ಗೆ ಬಸ್ಸು ಹತ್ತಿದರೆ ಬರುವುದು ಸಂಜೆಗೆ. ವರ್ಗವಾಗಿ ಹೋದ ಸಹೋದ್ಯೋಗಿಯೊಬ್ಬರು ಬಿಟ್ಟುಹೋದ ನಾಯಿಯನ್ನು ಆಕೆ ಬುಟ್ಟಿಯಲ್ಲಿಟ್ಟು, ಮೇಲೆ ದುಪಟ್ಟಾ ಹೊದಿಸಿ, ಅದೇ ಬಸ್ಸಿನಲ್ಲಿ ಮನೆಗೆ ತಂದಳು. ಬೆಳ್ಳಗಿನ ಗಿಡ್ಡ ನಾಯಿ. ಕಣ್ಣೆಲ್ಲಿ, ಬಾಯಿಯೆಲ್ಲಿ ಎಂದು ಹುಡುಕಬೇಕಾದಷ್ಟು ರೇಷ್ಮೆಗೂದಲು. ರಾಯಚೂರಿನ ಬಿಸಿಲಿಗೂ ಧೂಳಿಗೂ ಹೇಳಿ ಮಾಡಿಸಿದ ಪ್ರಾಣಿಯಲ್ಲ. ದಿನವೂ ಬಾಚಬೇಕು. ಪರೀಕ್ಷೆಗಳ ದಿನಗಳಲ್ಲಿ ಮಗಳಿಗೆ ಬಾಚುವ ಪುರಸೊತ್ತಾಗದೆ ಕಿವಿಯ ಹಿಂದೆ, ಕಂಕುಳಲ್ಲಿ, ಹೊಟ್ಟೆಯ ಕೆಳಗೆ ಕೂದಲು ಗಂಟುಗಟ್ಟಿ ಕಂಬಳಿಯ ತುಂಡಿನಂತಾಯಿತು.

"ಅಪ್ಪಾ, ಇಲ್ಲೇ ಊರಾಗ ನಾಯಿ ಕೂದ್ಲಾ ಕತ್ತರಿಸೋ ಅಂಗಡಿ ಆಗೇದ. ರವಿವಾರ ಹೋಗಿ ಮಾಡಿಸ್ಕೊಂಡು ಬರೂಣು."

"ನಾಯಿಗೆ ಕಟಿಂಗ್ ಅಂಗಡಿ? ಅದಕ್ಕ ರೊಕ್ಕ ಬ್ಯಾರೆ?"

"ರೊಕ್ಕದ ಮಾತಲ್ಲರೀ ಅದು. ನಿಮ್ಮ ಮಾತು ನಂಗ ಗೊತ್ತದ. ನಾಯಿಗೂ ನಮ್ಮ ಮನಿ ಕತ್ತರಿನೇ ಬೇಕೇನು?"

"ನಿನ್ನ ಜಡಿ ಕತ್ತರಿಸಿದ ಕೈ ಇದು. ಯಾವತ್ತರ ಡೊಂಕಾಗಿತ್ತೇನು?"

"ನಾ ಅಳಲಾರದಾಕಿ ಇದ್ದೆ, ಅದಕ್ಕ ನಿಮಗ ಗೊತ್ತಾಗಿಲ್ಲ" ಎಂದು ನಕ್ಕಳು.

ಆ ನಗು ನನ್ನನ್ನು ಚುಚ್ಚಿತು. ಚುಚ್ಚಿದ್ದನ್ನು ನಾನು ಬಿಡುವವನಲ್ಲ. ಮರುದಿನ ಆಕೆ ಬಸ್ಸು ಹತ್ತಿದ ಮೇಲೆ ನಾಯಿಯನ್ನು ಹಿತ್ತಲ ಕಟ್ಟೆಯ ಮೇಲೆ ಕೂಡಿಸಿ ಅಪ್ಪನ ಪದ್ಧತಿಯನ್ನು ಅಕ್ಷರಶಃ ಅನುಸರಿಸಿದೆ. ತಂಬಿಗೆಯಿಂದ ನೀರು ಸುರಿದೆ. ಮೊಣಕಾಲುಗಳ ನಡುವೆ ಹಿಡಿದೆ. ಗಂಟನ್ನು ಬೆರಳುಗಳ ನಡುವೆ ಬಿಗಿಯಾಗಿ ಎಳೆದು ಕತ್ತರಿ ಹಾಕಿದೆ. ಮನುಷ್ಯನ ತಲೆಗೆ ಇದು ಸಲ್ಲುವ ಕ್ರಮ. ತಲೆಯ ಚರ್ಮ ಬುರುಡೆಗೆ ಅಂಟಿಕೊಂಡಿರುತ್ತದೆ. ನಾಯಿಯ ಚರ್ಮ ಸಡಿಲ, ಎಳೆದಲ್ಲಿಗೆ ಬರುತ್ತದೆ. ನೀರು ತಾಗಿದ ಗಂಟು ಇನ್ನೂ ಬಿಗಿಯುತ್ತದೆ. ಮೂವತ್ತು ವರ್ಷ ವಿಜ್ಞಾನ ಕಲಿಸಿದವನಿಗೆ ಇದು ಹೊಳೆಯಬೇಕಿತ್ತು. ಎಡಗಿವಿಯ ಹಿಂದಿನ ಗಂಟಿನೊಂದಿಗೆ ತೆಳ್ಳಗಿನ ಚರ್ಮವೂ ಕತ್ತರಿಯ ಬಾಯಿಗೆ ಬಂತು.

ನಾಯಿ ಕೂಗಿದ ರೀತಿಯನ್ನು ಇಲ್ಲಿ ಬರೆಯಲಾರೆ. ರಕ್ತ ನಿಲ್ಲುವವರೆಗೆ ಅರಿಶಿನ ಒತ್ತಿ ಹಿಡಿದೆ. ಕಿವಿ ಜೋಲುಬಿದ್ದಿದ್ದರಿಂದ ಗಾಯ ಮುಚ್ಚಿಹೋಯಿತು. ಅರಿಶಿನದ ಕಲೆಯನ್ನು ಒದ್ದೆ ಬಟ್ಟೆಯಿಂದ ಒರೆಸಿ ತೆಗೆದೆ.

ಸಂಜೆ ಮಗಳು ಬಂದು, ಮೆಟ್ಟಿಲು ಮೆಟ್ಟಿಲಾಗಿದ್ದ ನಾಯಿಯ ಬೆನ್ನನ್ನು ಕಂಡು ಸೋಫಾದ ಮೇಲೆ ಬಿದ್ದು ನಕ್ಕಳು. "ಯಪ್ಪಾ! ಇರ್ಲಿ ಬಿಡ್ರಿ, ರವಿವಾರ ಅಂಗಡಿಯಾಗ ಸಮ ಮಾಡಸೂಣು" ಎಂದಳು. ಕಿವಿಯನ್ನು ಎತ್ತಿ ನೋಡಲಿಲ್ಲ. ನಾನು ಎತ್ತಿ ತೋರಿಸಲಿಲ್ಲ.

ಭಾನುವಾರ ಆಕೆಯೊಂದಿಗೆ ನಾನೂ ಹೋದೆ. ಆ ವಿದ್ಯೆಯೇನೆಂದು ನೋಡಲು ಬಂದೆನೆಂದು ಹೇಳಿದೆ. ನಿಜವಾಗಿ, ಗಾಯವನ್ನು ಕಾಯಲು ಹೋಗಿದ್ದೆ. ಅಂಗಡಿ ಇಟ್ಟಿದ್ದವಳು ಇಪ್ಪತ್ತೈದರ ಆಸುಪಾಸಿನ ಹುಡುಗಿ. ಹೈದರಾಬಾದಿನಲ್ಲಿ ಕಲಿತು ಬಂದವಳಂತೆ. ಎತ್ತರದ ಮೇಜು, ಅದರ ಮೇಲೆ ರಬ್ಬರಿನ ಹಾಸು, ಗೋಡೆಗೆ ಹತ್ತಾರು ಬಾಚಣಿಗೆ. ನಮ್ಮ ಸರದಿಯ ಹಿಂದೆ ಅಕ್ಕಿಯ ವ್ಯಾಪಾರಿಯೊಬ್ಬರು ತಮ್ಮ ಕೆಂಚು ನಾಯಿಯೊಂದಿಗೆ ಕುಳಿತಿದ್ದರು. ನಮ್ಮ ನಾಯಿಯನ್ನು ನೋಡಿ, "ಏನ್ರೀ ಸರ, ನಾಯಿನೋ, ಅರ್ಧಾ ಉಣ್ಣೆ ಕತ್ತರಿಸಿದ ಕುರಿನೋ?" ಎಂದರು.

"ನಮ್ಮ ಅಪ್ಪಾರ ಕಲಾಕೃತಿರೀ ಅದು" ಎಂದಳು ಮಗಳು.

ಹುಡುಗಿ ನಾಯಿಯನ್ನು ಮೇಜಿನ ಮೇಲೆ ನಿಲ್ಲಿಸಿ ನನ್ನತ್ತ ತಿರುಗಿದಳು. "ಅಂಕಲ್, ಮನ್ಯಾಗ ಮಾಡುವಾಗ ಎಲ್ಲ್ಯರ ಗಾಯ ಗೀಯ ಆಗ್ಯಾವೇನ್ರಿ?"

ಮೂವತ್ತು ವರ್ಷ 'ಸರ್' ಎನಿಸಿಕೊಂಡವನಿಗೆ 'ಅಂಕಲ್' ಎಂಬ ಸಂಬೋಧನೆಯೇ ಒಂದು ಗೀರು. ಮೇಲೆ ಆ ವ್ಯಾಪಾರಿಯ ಕಿವಿ ನಮ್ಮ ಕಡೆಗಿತ್ತು. ನಮ್ಮ ಮನೆಯ ಕತ್ತರಿ ತಪ್ಪಿತೆಂದು ಅವರೆದುರು ಹೇಗೆ ಹೇಳಲಿ?

"ಇಲ್ಲ" ಎಂದೆ.

ಆಕೆ ಬಾಚಣಿಗೆ ಹಿಡಿದು ಬೆನ್ನಿನಿಂದ ಕತ್ತಿಗೆ, ಕತ್ತಿನಿಂದ ಕಿವಿಗೆ ಬಂದಳು. ನನಗೆ ಬಾಯಿ ತೆರೆಯಲು ಬೇಕಾದಷ್ಟು ಅವಕಾಶವಿತ್ತು. ಬಾಚಣಿಗೆಯ ಹಲ್ಲು ಗಾಯದ ಮೇಲೆ ಕಟ್ಟಿದ್ದ ಹಕ್ಕಳೆಗೆ ಸಿಕ್ಕು ಅದು ಕಿತ್ತುಬಂತು. ನಾಯಿ ಕಿರುಚಿತು, ಬಿಳಿಯ ಕೂದಲಿನ ಮೇಲೆ ರಕ್ತ ಹರಡಿತು.

ಮಗಳು ಎದ್ದು ನಿಂತಳು. "ಏನ್ ಮಾಡಿದ್ರೀ? ಕಣ್ಣು ಎಲ್ಲಿಟ್ಟಿದ್ರಿ?"

"ಅಕ್ಕಾ, ನಾ ಕತ್ತರಿ ಮುಟ್ಟೇ ಇಲ್ರಿ. ಬರೇ ಬಾಚಾಕತ್ತಿದ್ದೆ."

"ಬಾಚಿದ್ರ ರಕ್ತ ಬರ್ತದೇನು? ಮೂಕ ಪ್ರಾಣಿ ಅಂತ ಹೆಂಗ ಬೇಕಾದ್ರ ಹಂಗ ಎಳೀತೀರೇನು? ನಮ್ಮ ಕಾಲೇಜಿನವರೆಲ್ಲಾ ಇಲ್ಲಿಗೇ ಬರಬೇಕಂತಿದ್ರು. ಒಬ್ಬರನ್ನೂ ಬರಗೊಡಂಗಿಲ್ಲ ನಾನು!"

ಮಗಳ ಆ ಸಿಟ್ಟು ನನ್ನಿಂದಲೇ ಬಂದದ್ದು. ಮಾತಿನ ಕಟ್ಟೂ ನನ್ನದೇ. ಹುಡುಗಿ ಹತ್ತಿಯನ್ನು ಗಾಯಕ್ಕೆ ಒತ್ತಿ ಹಿಡಿದು, ಇನ್ನೊಂದು ಕೈಯಿಂದ ನಾಯಿಯ ಎದೆಯನ್ನು ತಬ್ಬಿಕೊಂಡು ನಿಂತಿದ್ದಳು. ವ್ಯಾಪಾರಿ ಕುಳಿತಲ್ಲಿಂದಲೇ ಕೇಳಿದರು: "ಕೈ ಪಳಗದ ಮಂದಿ ಅಂಗಡಿ ತಗದ್ರ ಹಿಂಗs ಆಗತದ. ಯಾರ ಪೈಕಿ ಬೇ ನೀನು? ಯಾವ ಓಣಿಯಾಕಿ?"

ಹುಡುಗಿ ಹತ್ತಿಯನ್ನು ಮಗುಚಿ ಮತ್ತೆ ಒತ್ತಿದಳು. ಕಣ್ಣನ್ನು ಅದರ ಮೇಲಿಂದ ಎತ್ತಲಿಲ್ಲ. ಆ ಪ್ರಶ್ನೆಯನ್ನು ನನ್ನ ಜೀವಮಾನದಲ್ಲಿ ಯಾರು ಯಾರು, ಯಾವ ಕಟ್ಟೆಯ ಮೇಲೆ, ಯಾವ ದನಿಯಲ್ಲಿ ಕೇಳಿದರೆಂಬುದು ನನಗೆ ಕಂಠಪಾಠ. ಉತ್ತರ ಕೊಡದೆ ಕೈಯ ಕೆಲಸದಲ್ಲಿ ಕಣ್ಣು ನೆಡುವುದು ಹೇಗೆಂಬುದೂ ಗೊತ್ತು. ಗೊತ್ತಿದ್ದೂ, ಇನ್ನೊಂದು ಉಸಿರು ಎಳೆದುಬಿಡುವಷ್ಟು ಹೊತ್ತು ನಾನು ಸುಮ್ಮನಿದ್ದೆ. ಇವರು ಇಷ್ಟಕ್ಕೇ ಬಿಟ್ಟಾರು, ಮಾತು ಇಲ್ಲಿಗೇ ಮುಗಿದೀತು ಎಂದು ಎಣಿಸಿದೆ. ನಾನು ನಾಚುವುದು ಮುಖ್ಯವಾಗಿ ಕತ್ತರಿ ತಪ್ಪಿದ್ದಕ್ಕಲ್ಲ. 'ಇಲ್ಲ' ಎಂದದ್ದಕ್ಕೂ ಅಷ್ಟಿಲ್ಲ. ಆ ಒಂದು ಉಸಿರಿಗೆ.

"ಗಾಯ ಮೊದಲs ಇತ್ತು" ಎಂದೆ. "ನಾನೇ ಮಾಡಿದ್ದು. ಮುಚ್ಚಿಟ್ಟಿದ್ದೆ."

ವ್ಯಾಪಾರಿ ಹೋ ಎಂದು ನಕ್ಕರು. "ಮೊದ್ಲs ಹೇಳಬಾರದೇನ್ರೀ ಸರ! ಪಾಪ, ಹುಡುಗಿ ಸುಮ್ಮ ಸುಮ್ಮನ ಬೈಸಿಕೊಂಡ್ಳು" ಎಂದು, ತಾವು ಕೇಳಿದ್ದನ್ನು ತಾವೇ ಮರೆತು, ಫೋನು ನೋಡತೊಡಗಿದರು. ಅವರನ್ನು ತರಾಟೆಗೆ ತೆಗೆದುಕೊಳ್ಳುವ ಮಾತು ನನ್ನ ನಾಲಿಗೆಯ ತುದಿಯಲ್ಲಿತ್ತು. ಆದರೆ ಅವರಿಗೆ ಆ ಪ್ರಶ್ನೆ ಕೇಳಲು ಜಾಗ ಮಾಡಿಕೊಟ್ಟವನು ನಾನೇ ಆಗಿದ್ದೆ.

"ಕೇಳಿದ್ನಲ್ರಿ ಅಂಕಲ್ ನಾನು?" ಎಂದಳು ಹುಡುಗಿ. ಅಷ್ಟೇ.

ಮಗಳು ನನ್ನನ್ನು ನೋಡಲಿಲ್ಲ. ಮೇಜಿನ ಬಳಿಗೆ ಹೋಗಿ ಎರಡೂ ಕೈ ಜೋಡಿಸಿ, ತಲೆ ಬಾಗಿಸಿ, "ತಪ್ಪಾತವ್ವಾ, ಮನಸಿಗೆ ಹಚ್ಚಿಕೊಬ್ಯಾಡ" ಎಂದಳು. ಯಾರೆದುರೂ ತಲೆ ತಗ್ಗಿಸಬೇಡವೆಂದು ಹೇಳಿ ಹೇಳಿ ನಾನು ಬೆಳೆಸಿದ ಮಗಳು ಆಕೆ. ಆ ತಲೆ ಬಾಗಿದ್ದು ನನ್ನ ದೆಸೆಯಿಂದ. "ಇರ್ಲಿ ಬಿಡ್ರಿ ಅಕ್ಕಾ" ಎಂದ ಹುಡುಗಿ, ಮೊದಲು ಡಾಕ್ಟರಿಗೆ ತೋರಿಸಿ, ಗಾಯ ಮಾಯ್ದ ಮೇಲೆ ಕರೆತರಬೇಕೆಂದು ಹೇಳಿ ನಾಯಿಯನ್ನು ಆಕೆಯ ಕೈಗೆ ಕೊಟ್ಟಳು.

ಆಟೋದಲ್ಲಿ ಮಗಳು ಒಂದೇ ಮಾತನ್ನಾಡಿದಳು. "ನನ್ನ ಬಾಯಿಲೆ ಆಕೀನ್ನ ಬೈಸಿದ್ರಿ ಅಪ್ಪಾ ನೀವು."

ಔಷಧ ಹಚ್ಚುವ ದಿನಗಳಲ್ಲಿ ನಾಯಿ ಆಕೆಯ ತೊಡೆಯ ಮೇಲೆ ಮಲಗಿ ಕಿವಿ ಒಪ್ಪಿಸುತ್ತಿತ್ತು. ನಾನು ಹತ್ತಿರ ಸುಳಿದರೆ ಮೇಜಿನ ಕೆಳಗೆ ನುಸುಳುತ್ತಿತ್ತು.

ಕೆಲವು ವಾರಗಳ ನಂತರ ಒಂದು ಮಧ್ಯಾಹ್ನ ನಾನೊಬ್ಬನೇ ಆ ಅಂಗಡಿಗೆ ಹೋದೆ. ರಾಯಚೂರಿನ ಬಿಸಿಲಿಗೆ ರಸ್ತೆಯಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಹುಡುಗಿ ಮೇಜು ಒರೆಸುತ್ತಿದ್ದಳು. ಸಿದ್ಧಪಡಿಸಿಕೊಂಡು ಹೋಗಿದ್ದ ವಾಕ್ಯವನ್ನು ಪೂರ್ತಿಯಾಗಿ ಹೇಳಿದೆ: ಅಂದು ನಾನು ಸುಳ್ಳು ಹೇಳಿದ್ದು, ಸುಮ್ಮನಿದ್ದದ್ದು, ಎರಡೂ ತಪ್ಪು; ಕ್ಷಮಿಸಬೇಕು.

ಆಕೆ ಬಟ್ಟೆಯನ್ನು ಹಿಂಡಿ ಬದಿಗಿಟ್ಟಳು. "ಅವತ್ತು ಮಂದಿ ಇದ್ರಲ್ರಿ ಅಂಕಲ್. ಈಗ ಯಾರೂ ಇಲ್ಲ."

ಸಿಟ್ಟಿನಿಂದ ಹೇಳಿದ್ದಲ್ಲ. ಇದ್ದದ್ದನ್ನು ಇದ್ದಂತೆ ಹೇಳಿದಳು. ಯಾರೂ ಇರದ ಹೊತ್ತನ್ನು ನಾನು ಹುಡುಕಿಕೊಂಡೇ ಹೋಗಿದ್ದೆನೆಂಬುದು ನನಗೆ ಆಗ ತಿಳಿಯಿತು.

"ಯಾರರ ಬರೂ ತನಕ ಕೂಡಲೇನು?" ಎಂದೆ.

"ಕೂಡ್ರಿ. ಬೆಂಚು ಅದಲ್ಲ."

ಕುಳಿತೆ. ಬಿಸಿಲು ಇಳಿದ ಮೇಲೆ ತಾಯಿ ಮಗಳಿಬ್ಬರು ಕರಿಯ ನಾಯಿಯೊಂದನ್ನು ಕರೆತಂದರು. ನಾನು ಎದ್ದು ನಿಂತೆ. ಹೇಳಿಕೊಟ್ಟ ಪಾಠ ಮರೆತ ವಿದ್ಯಾರ್ಥಿಯಂತೆ ತಡವರಿಸಿದೆ. ಕೊನೆಗೆ, ಈ ಹುಡುಗಿಯ ಕೈಯಲ್ಲಿ ನಮ್ಮ ನಾಯಿಗೆ ಗಾಯವಾಯಿತೆಂಬ ಮಾತು ಎಲ್ಲಾದರೂ ಕಿವಿಗೆ ಬಿದ್ದರೆ ನಂಬಬೇಡಿರಿ, ಆ ಗಾಯ ಮಾಡಿದವನು ನಾನು, ಎಂದೆ. ತಾಯಿ ಏನೂ ಅರ್ಥವಾಗದೆ ನನ್ನನ್ನೂ ಹುಡುಗಿಯನ್ನೂ ನೋಡಿದಳು.

"ಹೌದೇನ್ರಿ" ಎಂದು, ತನ್ನ ನಾಯಿಯ ಸರಪಳಿಯನ್ನು ಹತ್ತಿರಕ್ಕೆ ಎಳೆದುಕೊಂಡು ಕೇಳಿದಳು: "ಹಂಗಾದ್ರ ಈಗ ನಿಮ್ಮ ಪಾಳಿನೋ, ನಮ್ಮದೋ?"

"ನಿಮ್ಮದು" ಎಂದು, ಚಪ್ಪಲಿ ಹುಡುಕಿಕೊಂಡು ಹೊರಗೆ ಬಂದೆ.