ಜಾಳು ಪರದೆ, ದೊಡ್ಡ ಅಕ್ಷರ

ಮೊನ್ನೆ ಗಂಗಾವತಿಯಲ್ಲಿ ನನ್ನ ಸಹೋದ್ಯೋಗಿಯೊಬ್ಬರು ಹೊಸ ಮೊಬೈಲ್ ಕೊಂಡರು. ಅಂಗಡಿಯವನು ಅದರ ಅಗಲವಾದ ಪರದೆಗೆ ಅಂಟಿಸಿದ್ದ ತೆಳು ಪ್ಲಾಸ್ಟಿಕ್ ಹಾಳೆಯನ್ನು ಚರ್ರನೆ ಸುಲಿದ. ಆ ಸದ್ದಿಗೆ ನನ್ನ ಅಂಗೈ ಬೆವೆತು ಹೋಯಿತು. "ಯಾಕ್ರಿ ಸರ, ಆರಾಮ ಇಲ್ಲೇನ್ರಿ?" ಎಂದು ಅವರು ಕೇಳಿದರು. "ಬಿಸಿಲು ನೋಡ್ರಿ" ಎಂದೆ. ಅಂಗಡಿಯೊಳಗೆ ಚಳಿ ಹಿಡಿಯುವಷ್ಟು ಏಸಿ ಇತ್ತು.

ಅವರಿಗೆ ಹೇಳದ್ದನ್ನು ನಿಮಗೆ ಹೇಳುತ್ತೇನೆ.

ನಾನು ಭೌತಶಾಸ್ತ್ರ ಓದಿದವನು. ಸಿಕ್ಕ ಕೆಲಸಕ್ಕೂ ಆ ಶಾಸ್ತ್ರಕ್ಕೂ ಸಂಬಂಧವಿಲ್ಲ. ಕೊಪ್ಪಳದ ಕಚೇರಿಯೊಂದರಲ್ಲಿ ಅರ್ಜಿಗಳ ಮೇಲೆ ಠಸ್ಸೆ ಒತ್ತುತ್ತೇನೆ. ಆದರೆ ನಮ್ಮ ಬಳಗದಲ್ಲಿ ಯಾರ ಮನೆಯ ಮಿಕ್ಸರ್ ಹೊಗೆಯಾಡಿದರೂ, ಯಾರ ಟೀವಿಯಲ್ಲಿ ಗೆರೆ ಮೂಡಿದರೂ ನನಗೇ ಕರೆ ಬರುತ್ತದೆ. ಹೋಗಿ ಗಂಭೀರವಾಗಿ ಹಿಂದೆ ಮುಂದೆ ತಿರುಗಿಸಿ ನೋಡುತ್ತೇನೆ. ಕೆಲವು ಸಲ ಆ ಗಾಂಭೀರ್ಯಕ್ಕೇ ಹೆದರಿ ಯಂತ್ರ ಸರಿಯಾಗುವುದೂ ಉಂಟು.

ಹಾಗೆ ಕರೆದವಳು ನನ್ನ ಚಿಗವ್ವ, ಅಂದರೆ ತಾಯಿಯ ತಂಗಿ. ಕುಷ್ಟಗಿಯ ಹತ್ತಿರದ ಊರಲ್ಲಿ ನೆಲದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕುಣಿಮಗ್ಗದ ಮೇಲೆ ಸೀರೆ ನೇಯುತ್ತಾಳೆ. ಮಗಳು ಸುಮಂಗಲಾ ಅಳವಂಡಿಯ ಆಚೆಯ ಹಳ್ಳಿಗೆ ಮದುವೆಯಾಗಿ ಹೋದ ಮೇಲೆ ಚಿಗವ್ವನಿಗೆ ದೊಡ್ಡ ಮೊಬೈಲ್ ಬೇಕೆನಿಸಿತು. "ಆಕಿ ಮಾರಿ ಅಂಗೈಯಗಲ ಕಾಣಬೇಕು. ಈ ಡಬ್ಬಿ ಫೋನಿನ್ಯಾಗ ಬರೇ ದನಿ ಬರತೈತಿ, ಮಾರಿ ಹೆಂಗ ಸೊರಗೇತಿ ಯಾರಿಗ್ಗೊತ್ತು?"

ಕುಷ್ಟಗಿಯ ಅಂಗಡಿಗೆ ಹೋದೆವು. ಒಂದೇ ಬೆಲೆಗೆ ಎರಡು ಮೊಬೈಲ್ ಮುಂದೆ ಬಂದವು. ಒಂದರ ಪರದೆ ಸಣ್ಣದು, ಚಿತ್ರ ಚೂಪು. ಇನ್ನೊಂದರ ಪರದೆ ದೊಡ್ಡದು, ಚಿತ್ರ ತುಸು ಮಂಕು. "ಅಕ್ಕಾರ, ಈ ದೊಡ್ಡದು ಅಗದಿ ಥೇಟರ್ ಇದ್ದಂಗ ಐತ್ರಿ" ಎಂದ ಅಂಗಡಿಯವನು. ನಾನು ಗಂಟಲು ಸರಿಮಾಡಿಕೊಂಡು ಪಾಠ ಶುರುಮಾಡಿದೆ: ಪರದೆಯೆಂದರೆ ಸಾಲು ಸಾಲು ಬೆಳಕಿನ ಚುಕ್ಕಿಗಳು, ಪರದೆ ಹಿಗ್ಗಿದರೂ ಚುಕ್ಕಿಗಳನ್ನು ಹೆಚ್ಚಿಸದಿದ್ದರೆ ಬೆಲೆ ಏರುವುದಿಲ್ಲ, ಬ್ಯಾಟರಿಯೂ ಹೆಚ್ಚು ಹೊತ್ತು ಬರುತ್ತದೆ.

ಚಿಗವ್ವ ನಡುವೆಯೇ ತಡೆದಳು. "ಅಂದ್ರ ಪನ್ನಾ ದೊಡ್ಡದು, ಎಳಿ ಕಮ್ಮಿ. ಜಾಳು ಆತಲ್ಲೋ ಶಾಣ್ಯಾ?"

ಪನ್ನಾ ಎಂದರೆ ಬಟ್ಟೆಯ ಅಗಲ; ನೂಲು ಬಿಡಿಬಿಡಿಯಾಗಿ, ಬೆರಳು ಕಾಣುವಂತೆ ನೇಯ್ದ ಬಟ್ಟೆಗೆ ಜಾಳು ಎನ್ನುತ್ತಾರೆ. ನನ್ನ ಅರ್ಧ ಗಂಟೆಯ ಪಾಠ ಎರಡಕ್ಷರದಲ್ಲಿ ಮುಗಿದಿತ್ತು. ಅವಳು ಸೊಂಟದ ಸಂಚಿಯಿಂದ ಎಳೆ ಎಣಿಸುವ ಪುಟ್ಟ ಭೂತಗನ್ನಡಿ ತೆಗೆದು ಪರದೆಯ ಮೇಲೆ ಬಗ್ಗಿದಳು. ಬಹಳ ಹೊತ್ತು ಏಳಲಿಲ್ಲ. "ಬಿಳೀದು ಅಂತ ಕಾಣೂದು ಬಿಳೀದಽ ಅಲ್ಲ. ಕೆಂಪು, ಹಸರು, ನೀಲಿ ಎಳಿ ಐತಿ. ಯಾರು ನೇಯ್ದಾರ ಇದನ್ನ?" ಆಮೇಲೆ ಅಂಗಡಿಯವನು ನೋಡಿದ, ನಾನೂ ನೋಡಿದೆ. ಪುಸ್ತಕದಲ್ಲಿ ಓದಿ ಅಂಕ ಗಳಿಸಿದ್ದೆನೇ ಹೊರತು ಅಲ್ಲಿಯವರೆಗೆ ಅದನ್ನು ಕಣ್ಣಾರೆ ಕಂಡಿರಲಿಲ್ಲ. ಗಿರಾಕಿಗಳು ಕಾಯುತ್ತಿದ್ದರೂ ನಾವು ಮೂವರು ಸರದಿಯ ಮೇಲೆ ಬಗ್ಗಿ ಬಗ್ಗಿ ಎದ್ದೆವು.

ಕೊನೆಗೆ ಅವಳು ನೇರವಾಗಿ ಕೇಳಿದಳು: "ನೀ ಹೇಳು. ಜಾಳೋ, ಅಲ್ಲೋ?"

"ಮೊಳ ದೂರದಿಂದ ನೋಡಿದ್ರ ಕಣ್ಣಿಗೆ ಗೊತ್ತಽ ಆಗೂದಿಲ್ಲ ಚಿಗವ್ವಾ. ಜಾಳು ಅಲ್ಲಽ ಅಲ್ಲ."

ದೊಡ್ಡದನ್ನೇ ಕೊಂಡೆವು. ಅಂಗಡಿಯವನು ಪರದೆಯ ಮೇಲಿನ ಪ್ಲಾಸ್ಟಿಕ್ ಹಾಳೆಯನ್ನು ಚರ್ರನೆ ಸುಲಿದುಕೊಟ್ಟ. ಮಗಳ ಮುಖ ಅಂಗೈಯಗಲ ಕಂಡಿತು. ಆದರೆ ವಾರದೊಳಗೆ ದೂರು ಬಂತು: "ಒತ್ತಕ್ಷರ ಮುದ್ದಿ ಆಗತಾವೋ. ‘ಅಕ್ಕ’ನ ಕಾಲಾಗಿಂದು ಕಾಣವಲ್ದು." ನಾನು ಯೋಚಿಸಿದೆ. ಇಂಗ್ಲಿಷಿನ ಅಕ್ಷರಗಳು ಬೇಲಿಯ ಗೂಟಗಳ ಹಾಗೆ ಒಂಟಿಯಾಗಿ ನಿಲ್ಲುತ್ತವೆ. ನಮ್ಮವು ಸಂಸಾರಸ್ಥ ಅಕ್ಷರಗಳು. ತಲೆಯ ಮೇಲೆ ಗುಡಿಸು, ಬಗಲಲ್ಲಿ ದೀರ್ಘ, ಕಾಲಡಿಯಲ್ಲಿ ಒತ್ತು. ಅಷ್ಟು ಮಂದಿ ಇರಲು ಚುಕ್ಕಿಗಳು ಸಾಲದೆ ಕಾಲಡಿಯವರು ಮಸುಕಾಗಿದ್ದರು. ಮೊಬೈಲಿನ ಅಕ್ಷರದ ಗಾತ್ರವನ್ನು ಎಷ್ಟು ಸಾಧ್ಯವೋ ಅಷ್ಟು ದೊಡ್ಡದು ಮಾಡಿಕೊಟ್ಟೆ. ಒಂದೊಂದು ಅಕ್ಷರವೂ ಹುರಿಗಡಲೆಯಷ್ಟಾಯಿತು. "ಈಗ ಕಣ್ಣು ಬಂದ್ವು ನೋಡು" ಎಂದಳು. ನಾನು ಬೀಗಿದೆ.

ಮುಂದಿನ ಮಳೆಗಾಲದಲ್ಲಿ ಸುಮಂಗಲಾಳ ಕುಬಸ. ಚೊಚ್ಚಿಲ ಬಸುರಿಗೆ ತವರಿನವರು ಹಸಿರು ಸೀರೆ ಉಡಿಸಬೇಕು. ಹಿಂದಿನ ದಿನವೇ ಸೀರೆ, ಬುತ್ತಿ ಎಲ್ಲವನ್ನೂ ಉಳಿದವರ ಕೈಲಿ ಕಳಿಸಿದ್ದ ಚಿಗವ್ವ, ಬೆಳಿಗ್ಗೆ ಬಸ್ಸಿನಲ್ಲಿ ಕೊಪ್ಪಳಕ್ಕೆ ಬಂದು ನನ್ನ ಬೈಕ್ ಹತ್ತಿದಳು. ಅಳವಂಡಿ ದಾಟಿದ ಮೇಲೆ ದಾರಿ ಕವಲೊಡೆಯುತ್ತದೆ. ಡಾಂಬರು ರಸ್ತೆ ಸುತ್ತು. ಇನ್ನೊಂದು ಹತ್ತಿರದ್ದು, ಹಳ್ಳಕ್ಕೆ ಅಡ್ಡಲಾಗಿ ನೆಲಮಟ್ಟದ ಸೇತುವೆಯ ಮೇಲೆ ಹೋಗುತ್ತದೆ. ನಮ್ಮ ತಲೆಯ ಮೇಲೆ ಚೊಕ್ಕ ಬಿಸಿಲು. ಆದರೂ ಚಿಗವ್ವ ಹುಷಾರಿ. ಹೊರಡುವಾಗಲೇ ಮಗಳಿಗೆ ಮೆಸೇಜು ಹಾಕಿದ್ದಳು: ಯಾವ ದಾರೀಲೆ ಬರೂದು?

ಕವಲಿನ ಹತ್ತಿರ ಅವಳ ಮೊಬೈಲ್ ಟಿಣ್ ಎಂದಿತು. "ಏನಂತ?" ಎಂದೆ. ಪರದೆಯ ಮೇಲೆ ಮೂಡಿದ್ದನ್ನು ಹಿಂದಿನಿಂದ ಓದಿ ಹೇಳಿದಳು: "ಹಳ್ಳದ ದಾರೀಲೆ ಬರೂದು."

ಕೇಳಿದ್ದಕ್ಕೆ ಸರಿಯಾದ ಉತ್ತರ. ಬೈಕನ್ನು ಹಳ್ಳದ ದಾರಿಗೆ ತಿರುಗಿಸಿದೆ.

ಸೇತುವೆಯ ಮೇಲೆ ಗೇಣುದ್ದ ನೀರಿತ್ತು. ಇಷ್ಟೇ ತಾನೆ ಎಂದು ಇಳಿದೆ. ನಡುವೆ ಬಂದಾಗ ನೀರಿನ ಬಣ್ಣ ಬದಲಾಯಿತು; ಕಂದು ನೊರೆ, ಕಸಕಡ್ಡಿ. ಬೈಕ್ ಗುರ್ ಎಂದು ನಿಂತಿತು. ಇಬ್ಬರೂ ಇಳಿದೆವು. ನೀರು ಮೊಣಕಾಲಿಗೆ ಬಂತು, ತೊಡೆಗೆ ಬಂತು. ನನ್ನ ಕೈಗೆ ಅಂಚಿನ ಗುರುತುಗಲ್ಲು ಸಿಕ್ಕಿತು. ಚಿಗವ್ವ ಎರಡು ಮಾರು ಆಚೆಗೆ ಬೈಕಿನ ಹಿಂಭಾಗವನ್ನು ಹಿಡಿದು ನಿಂತಿದ್ದಳು, ಮತ್ತು ಬೈಕು ಅಂಚಿನ ಕಡೆಗೆ ಜಾರುತ್ತಿತ್ತು. "ಗಾಡಿ ಹಿಡೀಬ್ಯಾಡಾ!" ಎಂದು ಕಿರುಚಿದೆ. ಅವಳು ಇನ್ನೊಂದು ಕೈಯನ್ನೂ ಹಾಕಿ ಬಿಗಿಯಾಗಿ ಹಿಡಿದಳು. ಮತ್ತೆ ಕಿರುಚಿದೆ. ಅವಳು ತಬ್ಬಿಕೊಂಡಳು. ನಾನು ಕಲ್ಲು ಬಿಟ್ಟು ಅವಳತ್ತ ಹೋಗಲಿಲ್ಲ. ಇದನ್ನು ಬರೆಯುವಾಗಲೂ ನನ್ನ ಬೆರಳುಗಳು ಆ ಕಲ್ಲಿನ ಒರಟನ್ನು ಹುಡುಕುತ್ತವೆ.

ಆಚೆ ದಂಡೆಯಿಂದ ಒಂದು ಟ್ರ್ಯಾಕ್ಟರ್ ಹಿಂದುಹಿಂದಾಗಿ ನೀರಿಗಿಳಿಯಿತು. ಅದರ ಮೇಲಿದ್ದ ದಪ್ಪ ಮೀಸೆಯವನು ಒಂದೇ ಮಾತು ಕೂಗಿದ: "ಬಿಡ್ರಿ! ಬಿಡ್ರಿ ಯವ್ವಾ!" ಚಿಗವ್ವ ಬಿಟ್ಟಳು. ಬೈಕು ಮಗುಚಿ ಹೋಯಿತು. ಅವಳು ಟ್ರ್ಯಾಕ್ಟರಿನ ಗಾಲಿಗೆ ಬಡಿದು ನಿಂತಳು, ಅವನು ರಟ್ಟೆ ಹಿಡಿದು ಎಳೆದುಕೊಂಡ. ಆಮೇಲೆ ನನ್ನನ್ನು.

ದಂಡೆಯ ಮೇಲೆ ಅವನು ಬೈಯತೊಡಗಿದ. "ಮ್ಯಾಲೆ ಮಳಿ ಆಗಿ ಹಳ್ಳ ಬಂದೈತಿ. ಓದಿದವರಂಗ ಕಾಣತೀರಿ, ಯಾರೂ ಹೇಳಲಿಲ್ಲೇನ್ರಿ ನಿಮಗ?"

"ಹೇಳ್ಯಾರಪಾ, ಬರ್ರಿ ಅಂತನಽ ಹೇಳ್ಯಾರ" ಎಂದು ಚಿಗವ್ವ ಸಂಚಿಯೊಳಗಿನ ಪ್ಲಾಸ್ಟಿಕ್ ಚೀಲದಿಂದ ಮೊಬೈಲ್ ತೆಗೆದು ಒತ್ತಿದಳು. ಮೆಸೇಜು ಪೂರ್ತಿ ಬಿಚ್ಚಿಕೊಂಡಿತು. ಮೂವರೂ ಓದಿದೆವು. *ಹಳ್ಳದ ದಾರೀಲೆ ಬರೂದು ಬ್ಯಾಡಬೇ, ಮ್ಯಾಲೆ ಭಾಳ ಮಳಿ ಆಗೈತಿ.*

ಅಕ್ಷರಗಳು ಹುರಿಗಡಲೆಯಷ್ಟು ದೊಡ್ಡವಲ್ಲವೆ? ಮೇಲೆ ಮೂಡುವ ಒಂದು ಸಾಲಿನ ಜಾಗದಲ್ಲಿ ‘ಬರೂದು’ ಎಂಬಲ್ಲಿಗೆ ಸಾಲು ತುಂಬಿತ್ತು. ಉಳಿದದ್ದರ ಬದಲು ಮೂರು ಚುಕ್ಕಿ ಇದ್ದವು. ಆ ಚುಕ್ಕಿಗಳನ್ನು ಯಾರು ಓದಿ ಹೇಳುತ್ತಾರೆ?

ಆ ವಾರ ನಾನು ಕಚೇರಿಗೆ ಹೋಗಲಿಲ್ಲ. ಅವಳ ಮೊಬೈಲ್ ಇಟ್ಟುಕೊಂಡು ಪ್ರಯೋಗ ಮಾಡಿದೆ. ಅದೇ ಮೆಸೇಜನ್ನು ಕಳಿಸುವುದು, ನೋಡುವುದು. ಅಕ್ಷರ ಸಣ್ಣದು ಮಾಡಿದರೆ ಇಡೀ ಮಾತು ಒಂದೇ ಸಾಲಿಗೆ ಬರುತ್ತಿತ್ತು, ಒತ್ತಕ್ಷರ ಮಸುಕಾಗುತ್ತಿತ್ತು. ಗೆಳೆಯನೊಬ್ಬನ ದುಬಾರಿ ಮೊಬೈಲ್ ತಂದು ಅಕ್ಷರ ಅಷ್ಟೇ ದೊಡ್ಡದು ಮಾಡಿದೆ. ಅದೂ ‘ಬರೂದು’ ಎಂದೇ ಕತ್ತರಿಸಿತು. ಹಾಗಾದರೆ ತಪ್ಪು ಪರದೆಯದಲ್ಲ ಎಂದು ಒಂದು ಗಳಿಗೆ ಹಗುರಾದೆ. ಆದರೆ ಚುಕ್ಕಿ ಸಾಲದೆ ತಾನೆ ನಾನು ಅಕ್ಷರ ಹಿಗ್ಗಿಸಿದ್ದು? ನಮ್ಮ ಭಾಷೆಯೂ ಒಂದು ವಿಚಿತ್ರ. ಇಡೀ ವಾಕ್ಯ ಹೌದೆಂಬಂತೆ ನಡೆದು ಬಂದು ಕಟ್ಟಕಡೆಗೆ ಬ್ಯಾಡ ಎನ್ನುತ್ತದೆ. ಬಾಲ ಕಡಿದರೆ ಅರ್ಥವೇ ತಿರುಗಿ ನಿಲ್ಲುತ್ತದೆ.

ಬಾಣಂತನಕ್ಕೆ ಮಗಳನ್ನು ಕರೆತಂದಿದ್ದ ಚಿಗವ್ವನ ಮನೆಗೆ ಹೋಗಿ ಎಲ್ಲ ಒಪ್ಪಿಸಿದೆ. ಅಕ್ಷರ ಹಿಗ್ಗಿಸಿದ್ದು ನಾನು. ಜಾಳಲ್ಲ ಎಂದವನೂ ನಾನು. ನೀರಿನಲ್ಲಿ ಹಿಡಿಯಬೇಡ ಎಂದು ಕೂಗಿದರೂ ನೀನೇಕೆ ಬಿಡಲಿಲ್ಲ ಎಂದೂ ಕೇಳಿದೆ.

ಅವಳು ಮಗ್ಗದ ಕುಣಿಯಿಂದಲೇ ತಲೆಯೆತ್ತಿದಳು. "ಹಿಡಿ ಅಂತ ಕೇಳಿಸ್ತಲ್ಲೋ ನನಗ. ನೀರಿನ ಸಪ್ಪಳದಾಗ ‘ಬ್ಯಾಡ’ ಎಲ್ಲಿ ಕೇಳತೈತಿ? ಆ ಮೀಸಿಯಾವ ಶಾಣ್ಯಾ. ಏನು ಮಾಡಬೇಕೋ ಅದನ್ನಷ್ಟಽ ಅಂದ."

ಸ್ವಲ್ಪ ಹೊತ್ತು ಲಾಳಿ ಓಡಿತು. ಆಮೇಲೆ, "ಅಂಗಡ್ಯಾಗ ನನ್ನ ಕಣ್ಣಿಗೆ ಜಾಳು ಅಂತ ಕಂಡಿತ್ತು. ನೀ ಅಲ್ಲ ಅಂದಿ, ಬಿಟ್ಟುಕೊಟ್ಟೆ. ನನ್ನ ಕಣ್ಣು ಬಿಟ್ಟು ನಿನ್ನ ಮಾತು ನಂಬಿದ್ದು ನನಗ ಮನಸಿಗೆ ಹತ್ತೇತಿ ನೋಡು, ನೀರಲ್ಲ" ಎಂದಳು. ಬೈಗುಳವಾಗಿದ್ದರೆ ಸಹಿಸಬಹುದಿತ್ತು.

"ಬ್ಯಾರೆ ಮೊಬೈಲ್ ಕೊಡಸ್ತೀನಿ ಚಿಗವ್ವಾ."

"ಬ್ಯಾಡ" ಎಂದಳು. ಆಮೇಲೆ ನಕ್ಕಳು. "ಮೊದಲಽ ಅಂದುಬಿಟ್ಟೆ ನೋಡು. ಇನ್ನ ನೀವೂ ಹಂಗಽ ಬರೀರಿ."

ಅಂದಿನಿಂದ ನಮ್ಮ ಬಳಗದ ಕನ್ನಡ ತಲೆಕೆಳಗಾಗಿದೆ. ‘ಬ್ಯಾಡ, ಊಟಕ್ಕ ಕಾಯೂದು.’ ‘ಇಲ್ಲ, ಇವತ್ತ ಬರೂದು.’ ವ್ಯಾಕರಣ ಬಲ್ಲವರು ಕಂಡರೆ ನಗುತ್ತಾರೆ. ನನಗೋ ಇದು ಬಹಳ ಕಷ್ಟವಾಯಿತು. ಮಾತಿನ ಕೊನೆ ಮುಟ್ಟುವವರೆಗೂ ಹೌದೋ ಅಲ್ಲವೋ ಎಂದು ಎದುರಿನವರ ಮುಖ ನೋಡಿ ತೀರ್ಮಾನಿಸುವ ಸೌಕರ್ಯ ಕನ್ನಡದಲ್ಲಿದೆ; ನನ್ನ ಅರ್ಧ ಜಾಣತನ ಅದರಲ್ಲೇ ನಡೆದಿತ್ತು.

ಕಳೆದ ವಾರ ಮತ್ತೆ ಮೋಡ. ಗಂಡನ ಮನೆಗೆ ಮರಳಿದ್ದ ಸುಮಂಗಲಾಳನ್ನೂ ಮೊಮ್ಮಗಳನ್ನೂ ನೋಡಲು ಚಿಗವ್ವ ನನ್ನ ಹೊಸ ಬೈಕಿನ ಹಿಂದೆ ಕೂತು ಹೊರಟಿದ್ದಳು. ಕವಲು ಬಂತು; ಮೂಲೆಯಲ್ಲೊಂದು ಚಾದಂಗಡಿ. ಮೆಸೇಜು ಯಾವುದೂ ಬಂದಿರಲಿಲ್ಲ. ಹಳ್ಳದ ಕಡೆ ಆಕಾಶ ತಿಳಿಯಾಗಿಯೇ ಕಾಣುತ್ತಿತ್ತು. ಬೈಕ್ ನಿಲ್ಲಿಸಿದೆ.

"ಯಾಕೋ, ಹಳ್ಳ ಬಂದಿರತೈತೇನು?"

"ಗೊತ್ತಿಲ್ಲ" ಎಂದೆ. ಅದರ ಹಿಂದೆ ಇನ್ನೊಂದು ಮಾತು ಬರಬಹುದೆಂದು ಅವಳು ಕಾದಳು. ಬರಲಿಲ್ಲ.

ಚಿಗವ್ವ ನನ್ನ ಭುಜ ಹಿಡಿದು ಕೆಳಗಿಳಿದಳು. "ನಡಿ ಹಂಗಾರ, ಆ ಚಾದಂಗಡ್ಯಾಗ ಕೇಳೂಣು."