ಜಿಂಕೆ ಕೊಂಬಿನ ಹಿಡಿ

ಜೇಬಿನಲ್ಲಿ ಚಾಕು ಇಲ್ಲದೆ ನಾನು ಮನೆಯ ಹೊಸ್ತಿಲು ದಾಟಿದವನಲ್ಲ. ಅಪ್ಪಿತಪ್ಪಿ ಮರೆತು ಹೊರಟರೆ ಚಾಮರಾಜನಗರ ದಾಟುವಷ್ಟರಲ್ಲಿ ಬಲತೊಡೆ ಯಾಕೋ ಹಗುರವಾದಂತಾಗಿ, ಬೈಕು ತಿರುಗಿಸಿಕೊಂಡು ಮನೆಗೆ ಬರುತ್ತೇನೆ. ಮೊಬೈಲು ಮರೆತ ದಿನ ಹೀಗೆ ತಿರುಗಿ ಬಂದದ್ದು ನೆನಪಿಲ್ಲ. ಇದನ್ನು ನನ್ನ ಹೆಂಡತಿ ಮನೆಗೆ ಬಂದವರ ಮುಂದೆಲ್ಲ ಹೇಳಿ ನಗುತ್ತಾಳೆ. ನಮ್ಮ ಕಡೆ ಮದುವೆಯಲ್ಲಿ ಗಂಡಿನ ಕೈಗೆ ನಿಂಬೆಹಣ್ಣು ಚುಚ್ಚಿದ ಚೂರಿ ಕೊಡುತ್ತಾರಲ್ಲ, ಉಳಿದ ಗಂಡಸರೆಲ್ಲ ಅದನ್ನು ಧಾರೆ ಮುಗಿದ ಮೇಲೆ ಕೆಳಗಿಟ್ಟರು, ಇವರು ಮಾತ್ರ ಇನ್ನೂ ಇಟ್ಟಿಲ್ಲ ಎನ್ನುವುದು ಅವಳ ದೂರು.

ನಾನು ಪಂಪ್‌ಸೆಟ್ಟಿನ ಮೋಟಾರು ರಿಪೇರಿ ಮಾಡುವವನು. ವೈರಿನ ಸಿಪ್ಪೆ ಸುಲಿಯಲು, ತಾಮ್ರದ ತಂತಿ ಕೆರೆಯಲು, ಬಾಳೆತೋಟದಲ್ಲಿ ಕೊಟ್ಟ ಹಣ್ಣಿನ ಚಿಪ್ಪು ಬಿಡಿಸಲು ಚಾಕು ಬೇಕೇ ಬೇಕು ಎಂದು ನಾನು ವಾದಿಸುತ್ತೇನೆ. ನಿಜ ಹೇಳಬೇಕೆಂದರೆ ಅದಕ್ಕೆ ಒಂದು ಸಾಕು. ನನ್ನ ಹತ್ತಿರ ಹದಿನಾಲ್ಕಿವೆ. ಎಲ್ಲವೂ ಹಳೆಯ ಕಾಲದ ಮಡಿಸುವ ಚಾಕುಗಳು. ಕುದೇರಿನ ಸೋದರಮಾವನ ಎಲೆ ತೊಟ್ಟು ಕತ್ತರಿಸುವ ಗಿಡ್ಡ ಚಾಕು, ತಾಳವಾಡಿಯ ಸಂತೆಯಲ್ಲಿ ಸಿಕ್ಕ ಹಿತ್ತಾಳೆ ಹಿಡಿಯದು, ಶುಂಠಿ ಬೆಳೆಯಲು ಗುಂಡ್ಲುಪೇಟೆಗೆ ಬಂದಿದ್ದ ಮಲಯಾಳಿಯೊಬ್ಬ ಮೋಟಾರು ಓಡಿದ ಖುಷಿಯಲ್ಲಿ ಕೊಟ್ಟ ಬಾಗಿದ ಅಲಗಿನದು, ಹೀಗೆ. ದಿನಕ್ಕೊಂದು ಜೇಬಿಗಿಳಿಯುತ್ತದೆ. ಕೂತಲ್ಲಿ ಕೂರದ ಜನ್ಮ ನನ್ನದು. ಎಲ್ಲಾದರೂ ಎರಡು ನಿಮಿಷ ಕಾಯಬೇಕಾಗಿ ಬಂದರೆ ಕೈ ಜೇಬಿಗೆ ಹೋಗಿ ಹೆಬ್ಬೆರಳು ಹಿಡಿಯನ್ನು ಸವರುತ್ತಿರುತ್ತದೆ. ಆಗ ಮಾತ್ರ ಜೀವಕ್ಕೆ ಸಮಾಧಾನ.

ಈ ಹದಿನಾಲ್ಕಕ್ಕೂ ಸಾಣೆ ಹಿಡಿದವರು ಗುಂಡ್ಲುಪೇಟೆಯ ಒಬ್ಬ ಸಾಬರು. ಎಪ್ಪತ್ತೈದು ದಾಟಿದ ವಯಸ್ಸು. ಮನೆಯಲ್ಲಿ ಉರ್ದು, ಅಂಗಡಿಯಲ್ಲಿ ನಮ್ಮದೇ ಕನ್ನಡ. ಚಾಕು ಕೊಟ್ಟರೆ ಮೊದಲು ಕೇಳುವ ಮಾತು, ಏನು ಕುಯ್ಯಕ್ಕೆ ಎಂದು. ಎಲೆಗೆ ಬೇರೆ ಸಾಣೆ, ಹಗ್ಗಕ್ಕೆ ಬೇರೆ, ಹಣ್ಣಿಗೆ ಬೇರೆ. ಸುಮ್ಮನೆ ಇಟ್ಟುಕೊಳ್ಳೋಕೆ ಎಂದು ನಾನೊಮ್ಮೆ ಹೇಳಿದ್ದಕ್ಕೆ ಚಾಕನ್ನು ನನ್ನ ಕಡೆಗೇ ದೂಡಿ, ಹಾಗಾದರೆ ಸಾಣೆ ಯಾಕೆ ಎಂದಿದ್ದರು. ಅವರ ಅಂಗಡಿಯ ಗೋಡೆಗೆ ಅಂಟಿಕೊಂಡೇ ಒಂದು ವೀಳ್ಯದೆಲೆ ಅಂಗಡಿ. ಅದರ ಯಜಮಾನರು ವಿಭೂತಿ ಹಚ್ಚಿದ ನಮ್ಮ ಪೈಕಿಯವರು, ಸಾಬರಿಗಿಂತ ಹತ್ತು ವರ್ಷ ಚಿಕ್ಕವರು. ಬೆಳಿಗ್ಗೆ ಇವರ ಬಾಗಿಲು ಅವರು ತೆಗೆಯುವುದು, ಸಂಜೆ ಅವರ ಬಾಗಿಲು ಇವರು ಹಾಕುವುದು; ಮೂವತ್ತು ವರ್ಷದಿಂದ ನಡೆದು ಬಂದದ್ದು. ಇವರಿಬ್ಬರ ಮಧ್ಯೆ ಮಾತೇ ಕಡಿಮೆ. ಸುಮ್ಮನೆ ಒಟ್ಟಿಗೆ ಕೂತಿರುತ್ತಿದ್ದರು. ಅದು ಹೇಗೆ ಸಾಧ್ಯವೋ ನನಗೆ ಅರ್ಥವಾಗುತ್ತಿರಲಿಲ್ಲ.

ಹೋದ ವರ್ಷ ಹಂಗಳದ ಹತ್ತಿರ ಒಂದು ಹೊಲದಲ್ಲಿ ಮೋಟಾರು ಎತ್ತಲು ಹೋದವನಿಗೆ ಬದುವಿನ ಪಕ್ಕ ಜಿಂಕೆಯ ಉದುರಿದ ಕೊಂಬೊಂದು ಸಿಕ್ಕಿತು. ಹಿಂದೆ ಆ ಕಡೆಯ ಮನೆಮನೆಯಲ್ಲೂ ಅಂಥದ್ದಕ್ಕೆ ಟವೆಲ್ಲು ನೇತುಹಾಕುತ್ತಿದ್ದರು. ಈಗ ಮುಟ್ಟಿದರೆ ಕೇಸು ಎಂದು ಎಲ್ಲರಿಗೂ ಗೊತ್ತು. ಹೊಲದವನು ಅದನ್ನು ನೋಡಿ, ಕಾಡಿನ ಕಡೆಗೆ ಬಿಸಾಕಿಬಿಡಿ ಎಂದ. ಆಯಿತು ಎಂದು ಹೇಳಿ ಗೋಣಿಚೀಲದಲ್ಲಿ ಸುತ್ತಿ ಬೈಕಿಗೆ ಕಟ್ಟಿಕೊಂಡೆ. ಆಗಲೇ ನನ್ನ ಕಣ್ಣಿಗೆ ಕಂಡದ್ದು ಕೊಂಬಲ್ಲ, ಚಾಕುವಿನ ಹಿಡಿ.

ಸಾಬರು ಚೀಲ ಬಿಚ್ಚಿ ನೋಡಿದವರೇ ಮತ್ತೆ ಸುತ್ತಿಟ್ಟರು.

"ಇದು ಬ್ಯಾಡ ಕಣಪ್ಪ. ಎಮ್ಮೆ ಕೊಂಬು ಆಕ್ಕೊಡ್ತೀನಿ, ಅದೂ ಚೆಂದಾಗೇ ಕಾಣ್ತದೆ."

ನಾನು ಬಿಡುವ ಆಸಾಮಿಯೇ? ಮತ್ತೆ ಹೋದೆ, ಮತ್ತೂ ಹೋದೆ. ನನ್ನ ಜೇಬಿನೊಳಗಿರುವುದನ್ನು ಯಾರು ನೋಡುತ್ತಾರೆ ಎಂದೆ. ನಿಮ್ಮ ಕೈಯಲ್ಲಿ ಆಗದಿದ್ದರೆ ಹೇಳಿ, ಬೇರೆ ಕಡೆ ಕೊಡುತ್ತೇನೆ ಎಂದು ಕುಟುಕಿದೆ. ಅದು ತಾಗಿತು. ಮುಂದಿನ ವಾರ ಹೋದಾಗ ಚಾಕು ತಯಾರಾಗಿತ್ತು. ಕಂದುಬಣ್ಣದ ಹಿಡಿಯ ಮೇಲೆ ಕೊಂಬಿನ ಗಂಟುಗಳನ್ನು ಹಾಗೇ ಉಳಿಸಿ, ಬೆರಳು ಕೂರುವ ಕಡೆ ಮಾತ್ರ ಉಜ್ಜಿ ನುಣುಪು ಮಾಡಿದ್ದರು. ಎಲೆ ಅಂಗಡಿಯವರೂ ಎದ್ದು ಬಂದು ಕೈಯಲ್ಲಿ ಹಿಡಿದು ನೋಡಿ ವಾಪಸಿಟ್ಟರು. ಕೊಂಬಿನ ಮಿಕ್ಕ ಎರಡು ತುಂಡುಗಳನ್ನು ತೆಗೆದುಕೊಂಡು ಹೋಗಿ ಎಲ್ಲಾದರೂ ಹೂತುಬಿಡು ಎಂದು ಸಾಬರು ಎರಡು ಸಲ ಹೇಳಿದರು. ನನಗೆ ಅವಸರ. ನಾಳೆ ಬಂದು ಒಯ್ಯುತ್ತೇನೆ ಎಂದವನು ಮರೆತೇಬಿಟ್ಟೆ.

ಆಮೇಲೆ ಉಳಿದ ಹದಿನಾಲ್ಕು ಚಾಕುಗಳು ಡಬ್ಬ ಬಿಟ್ಟು ಹೊರಗೆ ಬರಲಿಲ್ಲ.

ಶ್ರಾವಣದಲ್ಲಿ ಹೆಂಡತಿಯ ಜೊತೆ ಗೋಪಾಲಸ್ವಾಮಿ ಬೆಟ್ಟಕ್ಕೆ ಹೋಗಿದ್ದೆ. ಮೇಲೆ ಹೋಗುವ ಬಸ್ಸಿಗೆ ಕೆಳಗೆ ಕಾಯಬೇಕು, ಕಾಯುವುದೆಂದರೆ ನನಗೆ ಆಗದ ಕೆಲಸ. ಹೆಂಡತಿ ಬ್ಯಾಗಿನಿಂದ ಸೀಬೆಹಣ್ಣು ತೆಗೆದಳು. ನಾನು ಚಾಕು ಬಿಚ್ಚಿದೆ. ನಾಲ್ಕು ಜನ ನೋಡಲಿ ಎಂದು ಸ್ವಲ್ಪ ಎತ್ತಿಯೇ ಹಿಡಿದು ಹೋಳು ಮಾಡಿದೆ ಅನ್ನುವುದನ್ನೂ ಒಪ್ಪಿಕೊಂಡುಬಿಡುತ್ತೇನೆ. ಪ್ಲಾಸ್ಟಿಕ್ ಇದೆಯೇ ಎಂದು ಬ್ಯಾಗುಗಳನ್ನು ನೋಡುತ್ತಿದ್ದ ಅರಣ್ಯದ ಗಾರ್ಡು ನನ್ನ ಕೈ ನೋಡಿದ. ಹತ್ತಿರ ಬಂದು ಚಾಕು ಕೇಳಿ ಪಡೆದ. ಎಮ್ಮೆ ಕೊಂಬು ಎಂದೆ. ಅವನು ಅದೇ ಸೀಮೆಯಲ್ಲಿ ಹುಟ್ಟಿದವನಿರಬೇಕು, ನಕ್ಕ. ಪಕ್ಕಕ್ಕೆ ಕರೆದು, ಮರ್ಯಾದೆಯಾಗಿಯೇ, ಯಾರು ಮಾಡಿಕೊಟ್ಟದ್ದು ಎಂದು ಕೇಳಿದ.

ಅವನು ಗದರಲಿಲ್ಲ, ಹೆದರಿಸಲೂ ಇಲ್ಲ. ಎರಡನೇ ಸಲ ಕೇಳುವ ಮೊದಲೇ ನಾನು ಸಾಬರ ಹೆಸರು, ಅಂಗಡಿ, ಬೀದಿ, ಪಕ್ಕದ ಎಲೆ ಅಂಗಡಿಯ ಗುರುತು ಎಲ್ಲವನ್ನೂ ಒಂದೇ ಉಸಿರಿನಲ್ಲಿ ಒಪ್ಪಿಸಿದೆ. ಕೊಂಬು ಎಲ್ಲಿಂದ ಬಂತು ಎಂದು ಅವನು ಕೇಳಲಿಲ್ಲ. ನಾನೂ ಹೇಳಲಿಲ್ಲ. ಚಾಕು ಇಟ್ಟುಕೊಂಡು, ನನ್ನ ಹೆಸರು, ಫೋನ್ ನಂಬರು ಬರೆದುಕೊಂಡು, ಕರೆದಾಗ ಬರಬೇಕು ಎಂದು ಹೇಳಿ ಕಳಿಸಿದ.

ಬೆಟ್ಟದ ಮೇಲೆ ಮಂಜು ಮುಸುಕಿತ್ತು. ಎಲ್ಲರೂ ಫೋಟೋ ತೆಗೆದುಕೊಳ್ಳುತ್ತಿದ್ದರು. ನಾನು ದೇವರ ಮುಂದೆ ಒಂದು ನಿಮಿಷವೂ ನಿಲ್ಲಲಾರದೆ ಗುಡಿಯನ್ನು ಸುತ್ತಿದ್ದೇ ಸುತ್ತಿದ್ದು. ಇಳಿಯುವಾಗ ಬಸ್ಸಿನಲ್ಲಿ ಹೆಂಡತಿ ಒಂದೇ ಮಾತು ಕೇಳಿದಳು.

"ಕೊಂಬು ತಂದೋರು ಯಾರು ಅಂತ ಏಳುದ್ರಾ?"

ನಾನು ಬಸ್ಸಿನ ಟಿಕೆಟ್ಟನ್ನು ಮಡಿಸುತ್ತ ಬಿಚ್ಚುತ್ತ ಕೂತೆ.

ಮುಂದಿನ ಹತ್ತು ಹನ್ನೆರಡು ದಿನ ನಾನು ನಾನಾಗಿರಲಿಲ್ಲ. ಫೋನು ಹೊಡೆದುಕೊಂಡರೆ ಬೆಚ್ಚಿಬೀಳುತ್ತಿದ್ದೆ. ಕೈ ಜೇಬಿಗೆ ಹೋಗುತ್ತಿತ್ತು, ಅಲ್ಲಿ ಏನೂ ಇರುತ್ತಿರಲಿಲ್ಲ. ಬೇರೆ ಚಾಕು ತೆಗೆದಿಟ್ಟುಕೊಳ್ಳಲು ಮನಸ್ಸು ಬರುತ್ತಿರಲಿಲ್ಲ. ಕುದೇರಿನಲ್ಲಿ ಒಂದು ಮೋಟಾರಿಗೆ ತಂತಿ ಸುತ್ತುವಾಗ ಲೆಕ್ಕ ತಪ್ಪಿ ಎರಡು ಸಲ ಬಿಚ್ಚಿ ಸುತ್ತಿದೆ. ಹಂಗಳದ ಕಡೆ ಕೆಲಸವಿದೆ ಎಂದು ನನಗೆ ನಾನೇ ನೆಪ ಹೇಳಿಕೊಂಡು ಗುಂಡ್ಲುಪೇಟೆಯ ಆ ಬೀದಿಯಲ್ಲಿ ಎರಡು ಸಲ ಹಾದೆ. ಎರಡು ಸಲವೂ ಸಾಬರ ಬಾಗಿಲು ಹಾಕಿತ್ತು. ಬೈಕು ನಿಲ್ಲಿಸಲಿಲ್ಲ. ಹುಷಾರಿಲ್ಲವೇನೋ, ನೆಂಟರ ಮನೆಗೆ ಹೋಗಿರಬೇಕು ಎಂದು ಏನೇನೋ ಅಂದುಕೊಂಡೆ.

ಮೂರನೇ ಸಲ ನಿಲ್ಲಿಸಿ ಎಲೆ ಅಂಗಡಿಯವರನ್ನು ಕೇಳಿದೆ. ಅವರು ಎಲೆಯ ಕಟ್ಟಿಗೆ ನೀರು ಚಿಮುಕಿಸುತ್ತಲೇ ಹೇಳಿದರು. ಅರಣ್ಯದವರು ಬಂದು ಹುಡುಕಿದ್ದಾರೆ. ಪೆಟ್ಟಿಗೆಯಲ್ಲಿ ಎರಡು ತುಂಡು ಸಿಕ್ಕಿವೆ. ಸಾಬರನ್ನು ಜೀಪಿನಲ್ಲಿ ಕರೆದುಕೊಂಡು ಹೋಗಿ ಸಂಜೆ ಬಿಟ್ಟಿದ್ದಾರೆ, ಕೇಸಾಗಿದೆ. ಅಂದಿನಿಂದ ಸಾಬರು ಅಂಗಡಿ ತೆಗೆದಿಲ್ಲ. ಇಷ್ಟು ಹೇಳಿ ಕಟ್ಟನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟರು. ಆಮೇಲೆ, ಸಾಬರು ತಮ್ಮ ಜೊತೆ ಮಾತು ಬಿಟ್ಟಿದ್ದಾರೆ ಎಂದರು. ಸಂಜೆ ಜೀಪಿನಿಂದ ಇಳಿದ ಸಾಬರು ಬೀದಿಯ ಮಧ್ಯೆ ನಿಂತು, ಸುದ್ದಿ ಕೊಟ್ಟವನು ನೀನೇ ಎಂದು ಎಲ್ಲರ ಎದುರಿಗೆ ಕೂಗಾಡಿದರಂತೆ.

ಆ ಕ್ಷಣದಲ್ಲಿ ಹೇಳಬಹುದಿತ್ತು. ನಾನು ಗಾಡಿ ಸ್ಟಾರ್ಟ್ ಮಾಡಿದೆ. ಚಾಮರಾಜನಗರದವರೆಗೂ ಎಲ್ಲೂ ನಿಲ್ಲಿಸಲಿಲ್ಲ. ಮನೆಗೆ ಬಂದು ಹೆಂಡತಿಗೆ ಹೇಳಿದರೆ ಅವಳು ಬೈಯಲಿಲ್ಲ. ಊಟಕ್ಕೆ ಬಡಿಸಿ, ನಾಳೆ ಹೋಗಿ ಹೇಳದಿದ್ದರೆ ಆ ಡಬ್ಬವನ್ನು ತಾನೇ ಬಾವಿಗೆ ಹಾಕುವುದಾಗಿ ಹೇಳಿದಳು. ಹೇಳಿದರೆ ಮಾಡುವವಳು. ಆದರೆ ಅವತ್ತು ನನಗೆ ಡಬ್ಬದ ಚಿಂತೆಯೇ ಆಗಲಿಲ್ಲ. ನನ್ನ ಮೇಲೆ ನನಗೇ ಹೇಸಿಗೆಯಾಗಿತ್ತು.

ಮಾರನೆಯ ಬೆಳಿಗ್ಗೆ ಸಾಬರ ಮನೆಗೆ ಹೋದೆ. ಜಗುಲಿಯ ಮೇಲೆ ಕೂತಿದ್ದರು. ಬರೀ ಕೈಯಲ್ಲಿ ಅವರು ಕೂತದ್ದನ್ನು ನಾನು ನೋಡಿದ್ದು ಅದೇ ಮೊದಲು. ನನ್ನನ್ನು ಕಂಡವರೇ ಪಕ್ಕಕ್ಕೆ ಸರಿದು ಜಾಗ ಮಾಡಿಕೊಟ್ಟರು. ನಾನು ಬಾಯಿ ತೆರೆಯುವ ಮುಂಚೆ ಅವರೇ ನನಗೆ ಧೈರ್ಯ ಹೇಳಿದರು.

"ನಿನ್ ಹೆಸ್ರ ಏಳ್ನಿಲ್ಲ ಕಣಪ್ಪ. ಸಂತೆಲಿ ಯಾರೋ ಕೊಟ್ರು ಅಂದ್ಬುಟ್ಟೆ. ನೀನು ಮಕ್ಳು ಮರಿ ಇರೋನು, ಎದ್ರುಕೋಬ್ಯಾಡ."

ಚಾಕು ಸಿಕ್ಕಿಬಿದ್ದದ್ದು ಅವರಿಗೆ ಗೊತ್ತೇ ಇರಲಿಲ್ಲ. ಸುದ್ದಿ ಕೊಟ್ಟವರು ಯಾರೆಂದು ಜೀಪಿನವರು ಬಾಯಿ ಬಿಟ್ಟಿರಲಿಲ್ಲ. ಆ ಕೊಂಬನ್ನು ಅಂಗಡಿಯಲ್ಲಿ ನೋಡಿದ್ದು ಮೂರೇ ಜನ, ನಾನು, ನೀನು, ಎಲೆ ಅಂಗಡಿಯವನು ಎಂದು ಬೆರಳು ಮಡಿಸಿ ಹೇಳಿದರು. ನಾನು ನನ್ನ ಮೇಲೆ ಹೇಳಿಕೊಳ್ಳುವುದಿಲ್ಲ, ನೀನು ನಿನ್ನ ಮೇಲೆ ಹೇಳಿಕೊಳ್ಳುವುದಿಲ್ಲ, ಇನ್ನು ಉಳಿದವನು ಯಾರು ಎಂದು ಕೇಳಿದರು. ಅವರ ಲೆಕ್ಕದಲ್ಲಿ ತಪ್ಪೇ ಇರಲಿಲ್ಲ. ನನ್ನಂಥವನು ಇರಬಹುದು ಎಂಬುದೊಂದೇ ಅವರಿಗೆ ಹೊಳೆದಿರಲಿಲ್ಲ.

"ಏಳಿದ್ದು ನಾನೇ ಸಾಬ್ರೇ," ಎಂದೆ. ಬೆಟ್ಟದ ಕೆಳಗೆ ನಡೆದದ್ದನ್ನು ಪೂರ್ತಿ ಹೇಳಿದೆ. ಈಗಲೇ ಅರಣ್ಯದವರ ಆಫೀಸಿಗೆ ಹೋಗಿ ಕೊಂಬು ತಂದವನು ನಾನೆಂದು ಬರೆದುಕೊಡುತ್ತೇನೆ ಎಂದೂ ಸೇರಿಸಿದೆ.

ಅವರು ಬೈಯುತ್ತಾರೆ ಎಂದುಕೊಂಡಿದ್ದೆ. ಒಂದೇಟು ಹೊಡೆದಿದ್ದರೂ ಕೆನ್ನೆ ಕೊಡುತ್ತಿದ್ದೆ. ಅವರು ನನ್ನ ಕಡೆ ನೋಡಲೇ ಇಲ್ಲ. ಎದ್ದು ಒಳಗೆ ಹೋಗಿ ಟೋಪಿ ಹಾಕಿಕೊಂಡು ಬಂದು ಚಪ್ಪಲಿ ಮೆಟ್ಟಿದರು.

"ಆಪೀಸು ಆಮೇಲೆ. ಮೊದ್ಲು ಅವನತ್ರ ನಡಿ."

ಆಫೀಸಿಗೂ ಅದೇ ದಿನ ಹೋದೆ. ಕೇಸಿನಲ್ಲಿ ಈಗ ನನ್ನ ಹೆಸರೂ ಇದೆ, ಕರೆದಾಗಲೆಲ್ಲ ಹೋಗಿ ನಿಂತು ಬರುತ್ತೇನೆ, ಅದರ ಬಗ್ಗೆ ನನಗೆ ದುಃಖವಿಲ್ಲ. ಆದರೆ ಆ ಬೆಳಿಗ್ಗೆ ಸಾಬರ ಹಿಂದೆ ನಡೆದ ಎರಡು ಬೀದಿಗಳಿವೆಯಲ್ಲ, ಅಷ್ಟು ದೂರ ನಾನು ಬದುಕಿನಲ್ಲಿ ನಡೆದಿಲ್ಲ. ಅವರು ಬೈಕು ಹತ್ತಲು ಒಪ್ಪಲಿಲ್ಲ.

ಎಲೆ ಅಂಗಡಿಯಲ್ಲಿ ಗಿರಾಕಿಗಳಿದ್ದರು. ಅವರು ಹೋಗುವವರೆಗೆ ಸಾಬರು ಬಿಸಿಲಲ್ಲೇ ನಿಂತರು. ಆಮೇಲೆ ನನಗೆ ಸನ್ನೆ ಮಾಡಿದರು. ನಾನು ಎಲ್ಲವನ್ನೂ ಮತ್ತೆ ಹೇಳಿದೆ. ಎಲೆ ಅಂಗಡಿಯವರು ಕೊಳೆತ ಎಲೆಗಳನ್ನು ಬೇರೆ ಮಾಡುತ್ತ ಪೂರ್ತಿ ಕೇಳಿಸಿಕೊಂಡರು. ನನ್ನ ಮೇಲೆ ಅವರಿಗೆ ಸಿಟ್ಟು ಬಂದಂತೆ ಕಾಣಲಿಲ್ಲ. ನಾನು ಅವರ ಲೆಕ್ಕಕ್ಕೇ ಇರಲಿಲ್ಲ. ತಲೆಯೆತ್ತಿ ಸಾಬರನ್ನು ನೋಡಿದರು.

"ಇವ ಎದ್ರುಕೊಂಡು ಏಳ್ದ, ಆಯ್ತು. ನೀವು ಮೂವತ್ತು ವರ್ಸದಿಂದ ನನ್ ಪಕ್ಕದಲ್ಲಿ ಕುಂತವ್ರು. ಒಂದ್ ಮಾತ್ ಕೇಳ್ದೆ ನಾನೇ ಅಂತ ನಂಬ್ಬುಟ್ರಲ್ಲ."

ನನಗೆ ಏನಾದರೂ ಹೇಳಬೇಕೆನಿಸಿತು. ತಪ್ಪು ಅವರದ್ದಲ್ಲ, ಕೊಂಬು ನನ್ನದು, ಹಟ ನನ್ನದು, ಭಯ ನನ್ನದು ಎಂದು ಮಾತು ಜೋಡಿಸಿಕೊಳ್ಳುತ್ತಿದ್ದೆ. ಅಷ್ಟರಲ್ಲಿ ಸಾಬರು, ಕೆಲವು ದಿನದ ಹಿಂದೆ ಬೀದಿಯ ಮಧ್ಯೆ ಎಲ್ಲಿ ನಿಂತು ಕೂಗಾಡಿದ್ದರೋ ಅಲ್ಲೇ ಹೋಗಿ ನಿಂತು, ಅಕ್ಕಪಕ್ಕದ ಅಂಗಡಿಯವರಿಗೂ ಕೇಳಿಸುವಷ್ಟು ಜೋರಾಗಿ, "ತಪ್ಪಾಯ್ತು" ಎಂದರು.

ಎಲೆ ಅಂಗಡಿಯವರು ಮತ್ತೆ ಎಲೆಗಳ ಕಡೆ ತಿರುಗಿದರು. ಸಾಬರು ಇನ್ನೊಂದು ಸಲ ಅದೇ ಮಾತು ಹೇಳಿದರು. ನನ್ನ ಬಾಯಿಂದ ಬರಬೇಕಾಗಿದ್ದದ್ದು ಅದು. ಎರಡು ಹೆಜ್ಜೆ ಆಚೆ ನಿಂತಿದ್ದೆ, ಆದರೂ ಅವರ ಬಾಯಿಂದ ಆ ಮಾತು ಕಿತ್ತುಕೊಂಡು ನನ್ನಿಂದ ಹೇಳಲಾಗಲಿಲ್ಲ.