ಬಗಲಲ್ಲಿ ಕಾಯಿಸಿದ ಕೈ

ರೋಗಿಯನ್ನು ಮುಟ್ಟುವ ಮೊದಲು ಸಿಸ್ಟರ್ ತಮ್ಮ ಬಲಗೈಯನ್ನು ಎಡ ಬಗಲಿನಲ್ಲಿ ಸಿಕ್ಕಿಸಿಕೊಂಡು ಒಂದು ನಿಮಿಷ ನಿಲ್ಲುತ್ತಿದ್ದರು. ತೊಳೆದು ತೊಳೆದು ಸುಕ್ಕುಗಟ್ಟಿದ, ಸ್ಪಿರಿಟ್ ವಾಸನೆಯ ಕೈ. ಬೆಚ್ಚಗಾದ ಮೇಲೆ ಅದನ್ನು ರೋಗಿಯ ಹಣೆಗೆ, ಮಣಿಕಟ್ಟಿಗೆ, ಕೊನೆಗೆ ಪಾದಕ್ಕೆ ಇಟ್ಟು ನೋಡುವರು. ಅದನ್ನು ಕಂಡರೆ ನನಗೆ ಮೈ ಉರಿಯುತ್ತಿತ್ತು.

ಕರುಳಿನ ಆಪರೇಷನ್ನಿಗೆಂದು ಅಪ್ಪನನ್ನು ಕರಜಗಿಯಿಂದ ಅಫಜಲಪುರದ ಆ ಆಸ್ಪತ್ರೆಗೆ ತಂದವಳು ನಾನೇ. ಅಲ್ಲಿ ಹೊಸದಾಗಿ ಬಂದಿದ್ದ ಕೈಪಟ್ಟಿಯನ್ನು ನಂಬಿ ತಂದಿದ್ದೆ. ವೈರಿನ ಗೊಡವೆಯಿಲ್ಲ, ಮಣಿಕಟ್ಟಿಗೆ ಸುತ್ತಿದರೆ ಸಾಕು, ನಾಡಿ, ಉಸಿರು, ಆಕ್ಸಿಜನ್ ಎಲ್ಲ ವಾರ್ಡಿನ ಪರದೆಯ ಮೇಲೆ ಸದಾ ಕಾಣುತ್ತವೆ. ಜೇವರ್ಗಿಯ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ನನಗೆ ಅಷ್ಟಿದ್ದರೆ ಸಾಕಿತ್ತು. ಸಿಸ್ಟರ್‌ಗೆ ಸಾಲುತ್ತಿರಲಿಲ್ಲ. ಬಂದು ಬಂದು ಅಪ್ಪನನ್ನು ಎಬ್ಬಿಸುವರು, ಇಡೀ ವಾರ್ಡಿಗೆ ಕೇಳುವಂತೆ “ಗಾಳಿ ಸರೀತೇನ್ರಿ ಕಾಕಾ?” ಎನ್ನುವರು. ನನಗೆ ನಾಚಿಕೆ, ಅಪ್ಪನಿಗೆ ನಗು.

“ಎಲ್ಲಾ ಅಲ್ಲೇ ಕಾಣಾಕತ್ತದಲ್ರಿ, ಮತ್ಯಾಕ ಮುಟ್ತೀರಿ?” ಎಂದೆ ಒಮ್ಮೆ.

“ಟಿವಿದು ಟಿವಿ ಮಾಡ್ಲಿ ಬಿಡವ್ವಾ. ನಂದೂ ಒಂದೀಟು ಇರ್ಲಿ.”

“ಬಗಲಾಗ ಯಾಕ ಕೈ ಇಡ್ತೀರಿ?”

“ಥಣ್ಣನ ಕೈಗೆ ಮಂದಿ ಮೈ ಥಣ್ಣಗಾದದ್ದು ತಿಳಿಯಂಗಿಲ್ಲವ್ವಾ.”

ಆಪರೇಷನ್ ಆದ ಮೂರನೆಯ ಬೆಳಿಗ್ಗೆ ಅವ್ವನನ್ನು ಅಪ್ಪನ ಬಳಿ ಬಿಟ್ಟು ನಾನು ಚಹಾ ತರಲು ಹೊರಗೆ ಹೋದೆ. ಅಪ್ಪ ಒದ್ದೆ ಬಟ್ಟೆಯಲ್ಲಿ ಮೈ ಒರೆಸಿಕೊಂಡು, ವಿಭೂತಿ ಹಚ್ಚಿ, ದಿಂಬಿಗೆ ಒರಗಿ ಲಿಂಗಪೂಜೆಗೆ ಕುಳಿತರು. ಬಲಗೈಗೆ ಸಲೈನ್ ಇದ್ದುದರಿಂದ ಪಟ್ಟಿ ಎಡಗೈಗಿತ್ತು. ಲಿಂಗ ಹಿಡಿಯುವ ಕೈಗೆ ಇದು ಬೇಡವೆಂದು ಅವ್ವನಿಂದ ಬಿಚ್ಚಿಸಿದರು. “ಇದು ಕೈ ಬಿಟ್ರ ಒದರ್ತದ ಅವ್ವಾ, ಬಿಡಬ್ಯಾಡ” ಎಂದು ನಾನು ತಾಕೀತು ಮಾಡಿದ್ದೆ. ಪೂಜೆಯಲ್ಲಿ ಅದು ಒದರಬಾರದೆಂದು ಅವ್ವ ಪಟ್ಟಿಯನ್ನು ತನ್ನ ಬಳೆಗಳ ನಡುವೆ ಸುತ್ತಿಕೊಂಡು ಸೆರಗು ಹೊದ್ದಳು. ಪೂಜೆ ಮುಗಿಯುತ್ತಲೇ ಅಪ್ಪ ಸುಸ್ತೆಂದು ಮಲಗಿದರು. ಎದ್ದ ಮೇಲೆ ಕಟ್ಟಿದರಾಯಿತೆಂದು ಅವ್ವ ಸುಮ್ಮನಾದಳು.

ಇದೊಂದೂ ಆಗ ನನಗೆ ಗೊತ್ತಿರಲಿಲ್ಲ. ನಾನು ಬಂದಾಗ ಅಪ್ಪ ಕಂಬಳಿ ಹೊದ್ದು ಮಲಗಿದ್ದರು, ಪರದೆಯ ಅಂಕಿಗಳು ಚೆನ್ನಾಗಿದ್ದವು. ಅಷ್ಟರಲ್ಲಿ ಸಿಸ್ಟರ್ ಬಗಲಲ್ಲಿ ಕೈ ಇಟ್ಟುಕೊಂಡು ಬಂದರು. ನನ್ನ ತಾಳ್ಮೆ ತಪ್ಪಿತು.

“ಈಗರೆ ಮಲಗ್ಯಾರ್ರಿ! ನಿಮ್ಮ ಕೈಗಿಂತ ಆ ಪಟ್ಟಿಗೇ ಛಲೋ ತಿಳೀತದ, ಹೋಗ್ರಿ.”

ವಾರ್ಡೆಲ್ಲ ತಿರುಗಿ ನೋಡಿತು. ಸಿಸ್ಟರ್ ಕಂಬಳಿಯೊಳಗೆ ಕೈ ಹಾಕಿ ಅಪ್ಪನ ಪಾದ ಹಿಡಿದರು. ಪರದೆ ನೋಡಿದರು. ಮತ್ತೆ ಪಾದ ಹಿಡಿದರು.

“ಕಾಕಾನ ಕಾಲು ಥಣ್ಣಗ ಆಗ್ಯಾವ. ಟಿವಿಯಾಗ ಇರೋದು ಯಾರ ನಾಡಿ?”

ಅವ್ವ ಸೆರಗಿನೊಳಗಿಂದ ಮೆಲ್ಲಗೆ ಕೈ ಹೊರಗೆ ತೆಗೆದಳು. ಪರದೆಯ ಮೇಲೆ ನಾಡಿ ದಡದಡ ಏರತೊಡಗಿತು. ಅದು ಅವಳ ಎದೆ ಹೊಡೆದುಕೊಳ್ಳುತ್ತಿದ್ದದ್ದು.

ಅಪ್ಪನಿಗೆ ಹೊಟ್ಟೆಯೊಳಗೆ ರಕ್ತ ಸೋರುತ್ತಿತ್ತು. ಮತ್ತೆ ಕೊಯ್ದು ಉಳಿಸಿದರು. ಇನ್ನೊಂದಿಷ್ಟು ತಡವಾಗಿದ್ದರೆ ಕಷ್ಟವಿತ್ತು ಎಂದರು ಡಾಕ್ಟರು. “ನೀ ಹೇಳಿದಂಗೇ ಮಾಡೀನಲ್ಲವ್ವಾ” ಎಂದು ಅವ್ವ ಇವತ್ತಿಗೂ ಅನ್ನುತ್ತಾಳೆ. ನಿಜವೇ. ಅದಕ್ಕೇ ನನಗೆ ಸಿಟ್ಟು, ನನ್ನ ಮೇಲೆಯೇ.

ಹೊಲಿಗೆ ಬಿಚ್ಚಿಸಲು ಹೋದಾಗ ಆಸ್ಪತ್ರೆಯವರು ಕಲಿತದ್ದೇನೆಂದು ಕಂಡಿತು. ವಾರ್ಡಿನಲ್ಲಿ ‘ಪಟ್ಟಿ ತೆಗೆಯಬಾರದು’ ಎಂಬ ಬೋರ್ಡು. ಪರದೆ ಇರುವಾಗ ವಾರ್ಡಿಗೆ ಇಷ್ಟು ಜನ ನರ್ಸುಗಳು ಯಾಕೆಂದು ಸಿಸ್ಟರನ್ನು ಚೀಟಿ ಬರೆಯುವ ಕಿಟಕಿಗೆ ಕೂರಿಸಿದ್ದರು! ತಪ್ಪಾಯಿತೆನ್ನಲು ಬಾಯಿ ತೆರೆದೆ.

“ಹೆಸರು ಹೇಳವ್ವಾ, ಪಾಳಿ ದೊಡ್ಡದದ” ಎಂದರು. ಅಪ್ಪನ ಹೆಸರು ಹೇಳಿ ಬಂದುಬಿಟ್ಟೆ.

ಈ ಸಲ ಅಪ್ಪನನ್ನು ತಪಾಸಣೆಗೆ ಕರೆದುಕೊಂಡು ಹೋದಾಗ ಕಿಟಕಿಯಲ್ಲಿ ಬೇರೆಯವರಿದ್ದರು. ಸಿಸ್ಟರ್ ಎಲ್ಲಿ ಎಂದು ಕೇಳಿದೆ.

“ತೀರಿಕೊಂಡ್ರಲ್ರಿ, ತಮ್ಮೂರು ಮಟಕ್ಯಾಗ. ಮಲಗಿದಲ್ಲೇ ಹೋಗ್ಯಾರ. ಮುಂಜಾನಿ ಮುಟ್ಟಿ ನೋಡಿದ್ರ ಥಣ್ಣಗಾಗಿದ್ರಂತ.”

ಅಪ್ಪ ಬೆಂಚಿನ ಮೇಲೆ ಕೂತಿದ್ದರು. ಪಕ್ಕದಲ್ಲಿ ಕುಳಿತು ನನ್ನ ಬಲಗೈಯನ್ನು ಬಗಲಿಗೆ ಸಿಕ್ಕಿಸಿಕೊಂಡೆ.

“ಏನವ್ವಾ, ಥಂಡಿ ಆಗ್ಯಾದೇನು?” ಎಂದರು.

“ಇಲ್ಲಪ್ಪಾ, ತಡಿ” ಎಂದೆ. ಕೈ ಬೆಚ್ಚಗಾದ ಮೇಲೆ ಅವರ ಮಣಿಕಟ್ಟು ಹಿಡಿದೆ.